ಸರ್ವರ್ ನಿಜವಾಗಿಯೂ ಡೌನ್ ಆಗಿದೆಯೇ?

ಪ್ರಾಯೋಗಿಕ ಪರೀಕ್ಷೆ ಹತ್ತಿರವಾದಂತೆ ಕಂಪ್ಯೂಟರ್ ಲ್ಯಾಬಿನಲ್ಲಿ ಒಂದು ಮಾತು ಹೆಚ್ಚುತ್ತದೆ: ‘ಸರ್, ಸರ್ವರ್ ಡೌನ್!’ ಎಲ್ಲರ ಪ್ರೋಗ್ರಾಂ ಫೈಲುಗಳೂ ಒಂದೇ ಯಂತ್ರದಲ್ಲಿದ್ದರೆ ಗಾಬರಿ ಸಹಜ. ಆದರೆ ಆ ಗಾಬರಿಯಲ್ಲಿ ಸರ್ವರನ್ನು ಆರಿಸಿ ಹಚ್ಚಿದರೆ, ಅದೇ ಹೊತ್ತಿಗೆ ಫೈಲ್ ತೆರೆದು ಕುಳಿತವರ ಕೆಲಸ ಹಾಳಾಗಬಹುದು.

ಗದ್ದೆಗೆ ನೀರು ಬರದಿದ್ದರೆ ಶ್ರೀರಾಮನಗರದ ಕಡೆ ಯಾರೂ ನೇರವಾಗಿ ತುಂಗಭದ್ರಾ ಅಣೆಕಟ್ಟಿಗೆ ಓಡುವುದಿಲ್ಲ. ಮೊದಲು ಹೊಲಗಾಲುವೆ, ಆಮೇಲೆ ತೂಬು, ಆಮೇಲೆ ದೊಡ್ಡ ಕಾಲುವೆ ನೋಡುತ್ತಾರೆ. ಇಲ್ಲಿಯೂ ಹಾಗೆಯೇ.

ಮೊದಲು ಪರದೆಯ ಮೇಲಿನ ಸಂದೇಶವನ್ನು ಪೂರ್ತಿ ಓದಿ. ಬಹಳ ಜನ ಓದದೆಯೇ ಮುಚ್ಚಿಬಿಡುತ್ತಾರೆ. ‘ಆಕ್ಸೆಸ್ ಡಿನೈಡ್’ ಎಂದು ಬಂದರೆ ಅದು ಒಳ್ಳೆಯ ಸುದ್ದಿ. ಸರ್ವರ್ ಉತ್ತರ ಕೊಟ್ಟಿದೆ, ಒಳಗೆ ಬಿಡುತ್ತಿಲ್ಲ ಅಷ್ಟೆ. ಪಾಸ್‌ವರ್ಡ್ ಅಥವಾ ಫೋಲ್ಡರಿನ ಅನುಮತಿ ಪರೀಕ್ಷಿಸಬೇಕು. ಫೈಲ್ ತೆರೆಯುತ್ತದೆ, ಆದರೆ ಸೇವ್ ಆಗುವುದಿಲ್ಲ ಎಂದರೆ ಒಂದೋ ಓದಲು ಮಾತ್ರ ಅನುಮತಿಯಿದೆ, ಇಲ್ಲವೇ ಸರ್ವರಿನ ಡಿಸ್ಕ್ ತುಂಬಿದೆ. ‘ನೆಟ್‌ವರ್ಕ್ ಪಾತ್ ನಾಟ್ ಫೌಂಡ್’ ಎಂದರೆ ಮಾತ್ರ ದಾರಿಯೇ ಸಿಕ್ಕಿಲ್ಲ.

ಆಗ ಪಕ್ಕದ ಕಂಪ್ಯೂಟರಿನಲ್ಲಿ ನೋಡಿ. ಅಲ್ಲಿ ತೆರೆದರೆ ದೋಷ ನಿಮ್ಮ ಕಂಪ್ಯೂಟರಿನದೋ ಕೇಬಲ್ಲಿನದೋ ಆಗಿರುತ್ತದೆ. ಯಾರಿಗೂ ಸಿಗದಿದ್ದರೆ ನೆಟ್‌ವರ್ಕ್ ಸ್ವಿಚ್ಚಿನ ದೀಪ ನೋಡಿ. ಕರೆಂಟ್ ಹೋಗಿ ಬಂದ ಮೇಲೆ ಇನ್ನೊಂದು ತೊಡಕಿದೆ: ರೂಟರ್ ಸರ್ವರಿಗೆ ಬೇರೆ ಐಪಿ ವಿಳಾಸ ಕೊಟ್ಟಿರಬಹುದು, ನಾವು ಹಳೆಯದನ್ನೇ ಹುಡುಕುತ್ತಿರುತ್ತೇವೆ. ಸರ್ವರಿಗೆ ಸ್ಥಿರ ವಿಳಾಸ ಇರಬೇಕು ಎನ್ನುವುದು ಇದಕ್ಕೇ.

‘ಪಿಂಗ್’ ಮಾಡಿದಾಗ ಉತ್ತರ ಬಂದರೆ ಯಂತ್ರ ಎಚ್ಚರವಾಗಿದೆ ಎಂದಷ್ಟೇ ಅರ್ಥ; ಫೈಲ್ ಹಂಚುವ ಸೇವೆ ನಡೆಯುತ್ತಿದೆ ಎಂದಲ್ಲ. ಆ ಸೇವೆಯ ಬಾಗಿಲು 445ನೇ ಪೋರ್ಟ್. ಫೈರ್‌ವಾಲ್ ಅದನ್ನು ಮುಚ್ಚಿದ್ದರೆ ಪಿಂಗ್ ಬರುತ್ತದೆ, ಫೋಲ್ಡರ್ ಬರುವುದಿಲ್ಲ. ಲ್ಯಾಬಿನ ಹಳೆಯ ವಿಂಡೋಸ್ ಎಕ್ಸ್‌ಪಿ ಯಂತ್ರಕ್ಕೆ ಮಾತ್ರ ಸಿಗದಿದ್ದರೆ ಕಾರಣ ಬೇರೆ. ಅದಕ್ಕೆ ಗೊತ್ತಿರುವುದು ಎಸ್‌ಎಂಬಿ ಎಂಬ ಸಂಪರ್ಕ ಭಾಷೆಯ ಮೊದಲ ಆವೃತ್ತಿ ಮಾತ್ರ. 2017ರ ವಾನಾಕ್ರೈ ದಾಳಿ ಹರಡಿದ್ದು ಅದರ ಲೋಪದಿಂದ. ಹೊಸ ಸರ್ವರುಗಳು ಅದನ್ನು ಮುಚ್ಚಿರುತ್ತವೆ, ಮುಚ್ಚಿಯೇ ಇರಲಿ.

ಲಿನಕ್ಸ್ ಸರ್ವರಿನಲ್ಲಿ ಈ ಸೇವೆ ಕೊಡುವ ತಂತ್ರಾಂಶ ಸಾಂಬಾ. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ 1992ರಲ್ಲಿ ಇದರ ಮೊದಲ ರೂಪ ಹೊರತಂದರು. ಎಸ್, ಎಂ, ಬಿ ಅಕ್ಷರಗಳಿರುವ ಪದ ಹುಡುಕಿ ಇಟ್ಟ ಹೆಸರಿದು. ನಮ್ಮ ಸಾಂಬಾರಿಗೂ ಇದಕ್ಕೂ ನಂಟಿಲ್ಲ! ಇದರ ‘ಟೆಸ್ಟ್‌ಪಾರ್ಮ್’ ಆಜ್ಞೆ ಸೆಟ್ಟಿಂಗ್ ಫೈಲಿನ ತಪ್ಪು ತೋರಿಸುತ್ತದೆ. ‘ಎಸ್‌ಎಂಬಿಸ್ಟೇಟಸ್’ ಆಜ್ಞೆ ಯಾರು ಯಾವ ಫೈಲ್ ತೆರೆದಿದ್ದಾರೆಂದು ಹೇಳುತ್ತದೆ. ಲ್ಯಾಬ್ ನೋಡಿಕೊಳ್ಳುವವರು ರೀಸ್ಟಾರ್ಟ್ ಮಾಡುವ ಮುನ್ನ ಈ ಪಟ್ಟಿ ನೋಡಿ, ಅದರಲ್ಲಿರುವವರಿಗೆ ಫೈಲ್ ಸೇವ್ ಮಾಡಿ ಮುಚ್ಚಲು ಎರಡು ನಿಮಿಷ ಕೊಡಬೇಕು.