ಸಿಸ್ಟರನ್ನು ಕೇಳಬಹುದೇ? ನಾಲ್ಕು ತಪ್ಪು ಕಲ್ಪನೆ, ನಾಲ್ಕು ಸತ್ಯ

ನಂಜನಗೂಡಿನ ಶ್ರೀಕಂಠೇಶ್ವರನನ್ನು ಟಿಪ್ಪು ಸುಲ್ತಾನ್ ‘ಹಕೀಂ ನಂಜುಂಡ’, ಅಂದರೆ ವೈದ್ಯ ನಂಜುಂಡ, ಎಂದು ಕರೆದನೆಂಬ ಪ್ರತೀತಿ ಇದೆ. ದೇವರ ಮುಂದೆ ಕೈಮುಗಿದರೆ ಸಾಕು, ವಿವರಣೆ ಕೇಳಬೇಕಿಲ್ಲ. ವಾರ್ಡಿನಲ್ಲಿ ಹಾಗಲ್ಲ; ರೋಗಿ ಮತ್ತು ನರ್ಸ್ ಒಬ್ಬರನ್ನೊಬ್ಬರು ಕೇಳಿದಷ್ಟೂ ನಂಬಿಕೆ ಬಲಿಯುತ್ತದೆ.

ತಪ್ಪು ಕಲ್ಪನೆ: ಪದೇ ಪದೇ ಹೆಸರು ಕೇಳುವ ಸಿಸ್ಟರಿಗೆ ರೋಗಿಯ ಮೇಲೆ ಗಮನವಿಲ್ಲ.
ಸತ್ಯ: ನಂಜುಂಡ, ಮಹದೇವ, ಮಹದೇವಮ್ಮ ಎಂಬ ಹೆಸರುಗಳು ಬೀದಿಬೀದಿಯಲ್ಲೂ ಸಿಗುವ ಸೀಮೆ ಇದು. ವಾರ್ಡಿನಲ್ಲಿ ಇಬ್ಬರು ಮಹದೇವಮ್ಮಂದಿರಿದ್ದರೆ ಒಬ್ಬರ ಇನ್ಸುಲಿನ್ ಇನ್ನೊಬ್ಬರಿಗೆ ಹೋದೀತು. “ಮಹದೇವಮ್ಮ ಅಲ್ವಾ?” ಎಂದರೆ ಮಂಪರಿನಲ್ಲಿರುವವರು ಯಾರಾದರೂ ಹೂಂ ಅಂದುಬಿಡುತ್ತಾರೆ. ಅದಕ್ಕೇ “ನಿಮ್ಮ ಹೆಸರೇನಮ್ಮ?” ಎಂದು ಕೇಳಿ, ವಯಸ್ಸನ್ನೋ ನೋಂದಣಿ ಸಂಖ್ಯೆಯನ್ನೋ ಚೀಟಿಯೊಂದಿಗೆ ತಾಳೆ ನೋಡಬೇಕು.

ತಪ್ಪು ಕಲ್ಪನೆ: “ಒಂದ್ ಸೂಜಿ ಹಾಕ್ಬುಡಿ ಸಿಸ್ಟರ್, ಸರ್ಯಾಯ್ತದೆ.” ಹಾಕದಿದ್ದರೆ ಅದು ಉದಾಸೀನ.
ಸತ್ಯ: ಮದ್ದು ಬರೆಯುವವರು ವೈದ್ಯರು. ಸಾಮಾನ್ಯ ನೆಗಡಿ, ಜ್ವರಕ್ಕೆ ಸೂಜಿ ಬೇಕಿಲ್ಲ. ಬೇಡದ ಸೂಜಿಯಿಂದ ಕೀವುಗಟ್ಟಬಹುದು, ಅಲರ್ಜಿಯಾಗಬಹುದು. ಆದರೆ ಇಷ್ಟನ್ನು ರೋಗಿಗೆ ಬಿಡಿಸಿ ಹೇಳುವುದೂ ನರ್ಸಿನ ಕೆಲಸವೇ. ಕಾರಣ ಹೇಳದ “ಆಗಲ್ಲ” ಎಂಬ ಮಾತು ತಾತ್ಸಾರದಂತೆಯೇ ಕೇಳಿಸುತ್ತದೆ.

ತಪ್ಪು ಕಲ್ಪನೆ: ಲಸಿಕೆ ಹಾಕಿಸಿದ ರಾತ್ರಿ ಮಗುವಿಗೆ ಜ್ವರ ಬಂದರೆ ಹಾಕಿದವರ ಕೈ ಸರಿಯಿಲ್ಲ.
ಸತ್ಯ: ತಿ. ನರಸೀಪುರದ ತಲಕಾಡು, ಮೂಗೂರು ಕಡೆಯ ಹಳ್ಳಿಗಳಲ್ಲೂ ಮಕ್ಕಳಿಗೆ 6, 10 ಮತ್ತು 14 ವಾರಗಳಲ್ಲಿ ಪೆಂಟಾವಲೆಂಟ್ ಲಸಿಕೆ ಹಾಕುತ್ತಾರೆ. ಆಮೇಲೆ ಒಂದೆರಡು ದಿನ ಜ್ವರ, ಚುಚ್ಚಿದ ಜಾಗದಲ್ಲಿ ಊತ ಬರುವುದು ಸಾಮಾನ್ಯ. ಯಾವ ಲಸಿಕೆ, ಏನಾಗಬಹುದು, ಹಾಗಾದರೆ ಏನು ಮಾಡಬೇಕು, ಮುಂದಿನದು ಯಾವಾಗ, ಕಾರ್ಡು ಜೋಪಾನ: ಇವನ್ನು ತಾಯಿಗೆ ಹೇಳಿಯೇ ಕಳಿಸಬೇಕು. ಮೊದಲೇ ತಿಳಿದಿದ್ದರೆ ಆ ಜ್ವರ ಗಾಬರಿ ಹುಟ್ಟಿಸದು. ತಿಳಿಯದಿದ್ದರೆ ಮುಂದಿನ ಲಸಿಕೆಯೇ ತಪ್ಪೀತು. ಜ್ವರ ವಿಪರೀತವಾದರೆ, ಫಿಟ್ಸ್ ಬಂದರೆ, ಮಗು ಹಾಲು ಕುಡಿಯದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ತಪ್ಪು ಕಲ್ಪನೆ: ನಾಟಿ ಮದ್ದಿನ ವಿಷಯ ಹೇಳಿದರೆ ಬೈತಾರೆ, ಗುಟ್ಟು ಹೇಳಿದರೆ ಊರಿಗೇ ಗೊತ್ತಾಗುತ್ತದೆ.
ಸತ್ಯ: ಸಕ್ಕರೆ ಕಾಯಿಲೆಯ ಮಾತ್ರೆಯ ಜೊತೆ ಗುಟ್ಟಾಗಿ ನಾಟಿ ಮದ್ದೂ ಸೇರಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕಿಳಿಯಬಹುದು. ಹೇಳಿದರೆ ತಾನೇ ಎಚ್ಚರ ವಹಿಸಲು ಸಾಧ್ಯ? ಗುಟ್ಟು ಕಾಯುವುದು ನರ್ಸಿನ ವೃತ್ತಿಧರ್ಮ. ಎಚ್‌ಐವಿ ಇರುವವರ ಮಾಹಿತಿಗಂತೂ 2017ರ ಕಾಯ್ದೆಯ ರಕ್ಷಣೆಯಿದೆ. ಪಕ್ಕದ ಮಂಚದವರಿಗೆ ಕೇಳಿಸಬಾರದೆನಿಸಿದರೆ “ಸ್ವಲ್ಪ ಆಚೆ ಬನ್ನಿ ಸಿಸ್ಟರ್” ಎನ್ನಲು ರೋಗಿ ಸಂಕೋಚಪಡಬೇಕಿಲ್ಲ. ಸಿಸ್ಟರೇ ಆಚೆ ಕರೆದು ಕೇಳಿದರೆ ಇನ್ನೂ ಒಳ್ಳೆಯದು.