ಎತ್ತಿಗೆ ಹಲ್ಲು, ಕಾರಿಗೆ ಇಸವಿ

ಸಂಕ್ರಾಂತಿಯ ಹೊತ್ತಿಗೆ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ ಕೂಡುತ್ತದೆ. ಅದರ ಜತೆಗೇ ದನಗಳ ಜಾತ್ರೆ. ಎತ್ತು ಕೊಳ್ಳಲು ಬಂದ ರೈತ ಬಣ್ಣ ಬಳಿದ ಕೋಡು, ಕೊರಳ ಗೆಜ್ಜೆಸರ ನೋಡಿ ಮರುಳಾಗುವುದಿಲ್ಲ. ಮೂಗುದಾರ ಹಿಡಿದು, ತುಟಿ ಸರಿಸಿ, ಮೊದಲು ಹಲ್ಲು ಎಣಿಸುತ್ತಾನೆ. ಹಾಲುಹಲ್ಲಿನದೋ, ಎರಡು ಹಲ್ಲಿನದೋ, ನಾಲ್ಕೋ, ಆರೋ, ಬಾಯಿಗೂಡಿದ್ದೋ ಎಂಬುದು ಗೊತ್ತಾದ ಮೇಲೆಯೇ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆಯ ಮಾತು.

ಇಂದು ಅದೇ ಮನೆತನದ ಮಗ ತಿಕೋಟಾದಿಂದಲೋ ಬಬಲೇಶ್ವರದಿಂದಲೋ ದಿನವೂ ನಗರದ ಶಾಲೆಗೋ ಕಚೇರಿಗೋ ಬಂದುಹೋಗುತ್ತಾನೆ. ಅವನಿಗೆ ಬೇಕಾಗಿರುವುದು ಸಣ್ಣದೊಂದು ಕಾರು. ಹೊಸದಕ್ಕೆ ಕೈಯಲ್ಲಿರುವ ಹಣ ಸಾಲದು, ಹಳೆಯದೇ ಆಗಬೇಕು. ಗಾಡಿ ತಂದು ಗುಡಿಯ ಮುಂದೆ ನಿಲ್ಲಿಸಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಪೂಜೆ ಮಾಡಿಸುವಾಗ ಸುತ್ತ ನಿಂತವರು ಕೇಳುವ ಮೊದಲ ಪ್ರಶ್ನೆ ‘ಯಾವ ಮಾಡೆಲ್ ರೀ ಇದು?’ ಎಂದೇ. ಅವರು ಕೇಳುತ್ತಿರುವುದು ಕಾರಿನ ಹೆಸರನ್ನಲ್ಲ, ಇಸವಿಯನ್ನು.

ಆದರೆ ಹಲ್ಲಿಗೂ ಇಸವಿಗೂ ಒಂದು ವ್ಯತ್ಯಾಸವುಂಟು. ಹಲ್ಲು ಹೇಳುವುದು ವಯಸ್ಸನ್ನು ಮಾತ್ರ. ಕಾರಿನ ಇಸವಿ ವಯಸ್ಸಿನ ಜತೆಗೆ ಅದರ ಹೊಟ್ಟೆಯೊಳಗೆ ಏನಿದೆ, ಏನಿಲ್ಲ ಎಂಬುದನ್ನೂ ಹೇಳುತ್ತದೆ. ಈ ಎರಡನೆಯ ಅರ್ಥವನ್ನು ಮರೆತು ಬರೀ ‘ಹೊಸದು, ಹಳೆಯದು’ ಎಂದು ನೋಡಿದವರು ಮೋಸಹೋಗುವುದೇ ಹೆಚ್ಚು.

ಪ್ರಶ್ನೆಯೇ ಇಲ್ಲದ ಕಾಲ

ಒಂದು ಕಾಲದಲ್ಲಿ ಇಸವಿಯ ಪ್ರಶ್ನೆಗೆ ಅಷ್ಟು ಬೆಲೆ ಇರಲಿಲ್ಲ. ಅಂಬಾಸಿಡರ್ ಮತ್ತು ಫಿಯಟ್ ಬಿಟ್ಟರೆ ಬೇರೆ ಕಾರು ಕಾಣುವುದೇ ಅಪರೂಪ. ಹತ್ತು ವರ್ಷದ ಅಂತರವಿದ್ದ ಎರಡು ಅಂಬಾಸಿಡರ್‌ಗಳನ್ನು ಅಕ್ಕಪಕ್ಕ ನಿಲ್ಲಿಸಿದರೆ ಮುಖದ ಜಾಲರಿಯಲ್ಲಿ ಕೊಂಚ ಬದಲಾವಣೆ ಕಾಣುತ್ತಿತ್ತೇ ಹೊರತು ಗಾಡಿ ಬಹುಮಟ್ಟಿಗೆ ಅದೇ. ಹೊಸ ಕಾರಿಗೆ ವರ್ಷಗಟ್ಟಲೆ ಕಾಯಬೇಕಿದ್ದ ಆ ದಿನಗಳಲ್ಲಿ ಸಿಕ್ಕಿದ್ದೇ ಭಾಗ್ಯ.

1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀಲಿಕೈಯನ್ನು ಗ್ರಾಹಕರೊಬ್ಬರಿಗೆ ಕೊಟ್ಟರು. ಮೂರು ಸಿಲಿಂಡರಿನ, 796 ಸಿ.ಸಿ. ಎಂಜಿನ್ನಿನ ಆ ಪುಟ್ಟ ಕಾರು ಮಧ್ಯಮ ವರ್ಗದವರಿಗೂ ಕಾರಿನ ಆಸೆ ಹುಟ್ಟಿಸಿತು. 1986ರಲ್ಲಿ ಅದಕ್ಕೆ ಹೊಸ ಮೈಕಟ್ಟು ಬಂತು. 1997ರಲ್ಲಿ ಮುಖ ಬದಲಾಯಿತು. 2000ರ ಸುಮಾರಿಗೆ ಕಾರ್ಬುರೇಟರ್ ಹೋಗಿ ಪೆಟ್ರೋಲನ್ನು ಅಳೆದು ಚಿಮ್ಮಿಸುವ ಎಂ.ಪಿ.ಎಫ್.ಐ. ವ್ಯವಸ್ಥೆ ಬಂತು, ಚಳಿಯ ಮುಂಜಾನೆ ಚೋಕ್ ಎಳೆದು ಗಾಡಿಯನ್ನು ಎಬ್ಬಿಸುವ ಕಷ್ಟ ತಪ್ಪಿತು. ‘ಎಷ್ಟನೇ ಇಸವಿಯದು?’ ಎಂದು ಕೇಳುವ ರೂಢಿ ಗಟ್ಟಿಯಾದದ್ದು ಈ ಬದಲಾವಣೆಗಳೊಂದಿಗೇ.

ಸೊಲ್ಲಾಪುರದ ಕಾರು, ವಿಜಯಪುರದ ಕಾರು

ಮುಂದೆ ಇಸವಿಗೆ ಅರ್ಥ ಕೊಟ್ಟದ್ದು ಕಾರ್ಖಾನೆಗಿಂತ ಹೆಚ್ಚಾಗಿ ಸರ್ಕಾರದ ಕಾನೂನು. ಹೊಗೆಯಲ್ಲಿನ ವಿಷವನ್ನು ತಗ್ಗಿಸಲು ‘ಭಾರತ್ ಸ್ಟೇಜ್’ ಎಂಬ ಮೆಟ್ಟಿಲುಗಳನ್ನು ತರಲಾಯಿತು. ಇದನ್ನೇ ಚಿಕ್ಕದಾಗಿ ಬಿ.ಎಸ್. ಎನ್ನುವುದು. ಈ ಮೆಟ್ಟಿಲು ಎಲ್ಲ ಊರಿಗೂ ಒಂದೇ ದಿನ ಬರಲಿಲ್ಲ. 2010ರ ಏಪ್ರಿಲ್‌ನಲ್ಲಿ 13 ನಗರಗಳಿಗೆ ಬಿ.ಎಸ್.-4 ಬಂದಾಗ ಅವುಗಳಲ್ಲಿ ಬೆಂಗಳೂರೂ ಇತ್ತು, ನೆರೆಯ ಸೊಲ್ಲಾಪುರವೂ ಇತ್ತು. ಉಳಿದ ಊರುಗಳಂತೆ ವಿಜಯಪುರಕ್ಕೆ ಸಿಕ್ಕಿದ್ದು ಬಿ.ಎಸ್.-3.

ಇದರ ಪರಿಣಾಮ ವಿಚಿತ್ರ. ಆ 13 ನಗರಗಳಲ್ಲಿ ಮಾರುತಿ 800ರ ಮಾರಾಟ ನಿಂತಿತು. ಉಳಿದೆಡೆ 2014ರ ಜನವರಿಯಲ್ಲಿ ತಯಾರಿಕೆ ಮುಗಿಯುವವರೆಗೂ ನಡೆಯಿತು. ನೂರು ಕಿಲೋಮೀಟರ್ ಆಚೆಯ ಸೊಲ್ಲಾಪುರದಲ್ಲಿ 2012ರಲ್ಲಿ ಕೊಂಡ ಕಾರು ಬಿ.ಎಸ್.-4 ಆಗಿರಲೇಬೇಕು, ಅದೇ ವರ್ಷ ಇಲ್ಲಿ ಕೊಂಡದ್ದು ಬಿ.ಎಸ್.-3 ಇದ್ದೀತು. ಇಸವಿ ಒಂದೇ, ಗಾಡಿ ಬೇರೆ. ದೇಶಕ್ಕೆಲ್ಲ ಬಿ.ಎಸ್.-4 ಬಂದದ್ದು 2017ರ ಏಪ್ರಿಲ್ 1ರಂದು, ಬಿ.ಎಸ್.-6 ಬಂದದ್ದು 2020ರ ಏಪ್ರಿಲ್ 1ರಂದು. ನಡುವೆ ಬಿ.ಎಸ್.-5 ಎಂಬ ಮೆಟ್ಟಿಲನ್ನೇ ಹಾರಿಬಿಡಲಾಯಿತು.

ಜೀವಕ್ಕೆ ಸಂಬಂಧಿಸಿದ ಇಸವಿ

ಹೊಗೆಯ ಲೆಕ್ಕಕ್ಕಿಂತ ಮನೆಯವರಿಗೆ ಹತ್ತಿರದ ಲೆಕ್ಕ ಇನ್ನೊಂದಿದೆ. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ಭಾರತದ ಐದು ಸಣ್ಣ ಕಾರುಗಳ ಏರ್‌ಬ್ಯಾಗ್ ಇಲ್ಲದ ಮಾದರಿಗಳನ್ನು ಡಿಕ್ಕಿ ಹೊಡೆಸಿ ಪರೀಕ್ಷಿಸಿತು. ಆಲ್ಟೊ 800 ಸೇರಿದಂತೆ ಐದಕ್ಕೂ ದೊಡ್ಡವರ ರಕ್ಷಣೆಯಲ್ಲಿ ಸಿಕ್ಕಿದ್ದು ಸೊನ್ನೆ.

ನಿಯಮಗಳು ಬಿಗಿಯಾದದ್ದು ಆ ನಂತರ. 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರುಗಳಿಗೂ ಎ.ಬಿ.ಎಸ್. ಬ್ರೇಕು ಕಡ್ಡಾಯವಾಯಿತು, ಒಮ್ಮೆಲೇ ಬ್ರೇಕು ಒತ್ತಿದಾಗ ಗಾಲಿ ಕಚ್ಚಿಕೊಂಡು ಗಾಡಿ ಜಾರದಂತೆ ಇದು ತಡೆಯುತ್ತದೆ. ಅದೇ ವರ್ಷ ಜುಲೈ 1ರಿಂದ ಚಾಲಕನ ಮುಂದೆ ಏರ್‌ಬ್ಯಾಗ್, ಹಿಂದೆ ಸರಿಯುವಾಗ ಎಚ್ಚರಿಸುವ ಸೆನ್ಸರ್, ಸೀಟ್‌ಬೆಲ್ಟ್ ನೆನಪಿಸುವ ಗಂಟೆ ಬಂದವು. ಅಕ್ಟೋಬರ್‌ನಿಂದ ಹಳೆಯ ವಿನ್ಯಾಸದ ಕಾರುಗಳೂ ಡಿಕ್ಕಿ ಪರೀಕ್ಷೆಯ ಕನಿಷ್ಠ ಮಟ್ಟ ಮುಟ್ಟಬೇಕಾಯಿತು. ಚಾಲಕನ ಪಕ್ಕದ ಸೀಟಿಗೆ ಏರ್‌ಬ್ಯಾಗ್ ಎಲ್ಲ ಕಾರಿಗೂ ಕಡ್ಡಾಯವಾದದ್ದು 2021ರ ಕೊನೆಗೆ.

ಅಂದರೆ 2018ರ ಆಲ್ಟೊಗೂ 2020ರ ಆಲ್ಟೊಗೂ ಇರುವ ಅಂತರ ಕೇವಲ ಎರಡು ವರ್ಷದ್ದಲ್ಲ. ಹಳೆಯದರ ಕಡಿಮೆ ದರ್ಜೆಯ ಮಾದರಿಯಲ್ಲಿ ಏರ್‌ಬ್ಯಾಗ್ ಇಲ್ಲದಿರಬಹುದು. ಹೊಸದರಲ್ಲಿ ಚಾಲಕನಿಗಂತೂ ಇರಲೇಬೇಕು. ಪಕ್ಕದಲ್ಲಿ ಹೆಂಡತಿಯೋ ತಾಯಿಯೋ ಕೂಡುವುದಾದರೆ 2022ರ ನಂತರದ್ದನ್ನೇ ಹುಡುಕುವುದು ಲೇಸು.

ಇಲ್ಲೊಂದು ಸೂಕ್ಷ್ಮವಿದೆ. ಏರ್‌ಬ್ಯಾಗ್ ನಿಯಮ ಅನ್ವಯಿಸುವುದು ಕಾರು ತಯಾರಾದ ದಿನದಿಂದ, ನೋಂದಣಿಯಾದ ದಿನದಿಂದ ಅಲ್ಲ. 2019ರ ದಸರೆಗೆ ಕೊಂಡ ಕಾರು ಆ ವರ್ಷದ ಮೇ ತಿಂಗಳಲ್ಲೇ ತಯಾರಾಗಿರಬಹುದು. ನೋಂದಣಿ ಪತ್ರದಲ್ಲಿ ತಯಾರಿಕೆಯ ತಿಂಗಳು ಮತ್ತು ವರ್ಷವನ್ನು ಬೇರೆಯಾಗಿ ಮುದ್ರಿಸಿರುತ್ತಾರೆ. ಮಾರುವವರ ಬಾಯಿಮಾತಿಗಿಂತ ಅದನ್ನು ಓದುವುದು ಮೇಲು.

ಕಬ್ಬಿನ ನಂಟು

ಮತ್ತೊಂದು ಗಡಿ 2023ರದು. ಆ ವರ್ಷದ ಏಪ್ರಿಲ್‌ನಿಂದ ಬಂದ ಕಾರುಗಳ ರಬ್ಬರ್ ಕೊಳವೆ, ಸೀಲುಗಳು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲನ್ನು ತಾಳುವಂಥವು. ಎಥನಾಲ್ ಈ ಭಾಗಕ್ಕೆ ದೂರದ್ದೇನಲ್ಲ. ಇಲ್ಲಿನ ರೈತ ಬೆಳೆಯುವ ಕಬ್ಬೂ ಅದರ ಮೂಲಗಳಲ್ಲೊಂದು. ಆದರೆ ಬೆರಕೆ ಇಲ್ಲದ ಪೆಟ್ರೋಲಿಗಾಗಿ ರೂಪಿಸಿ, ಶೇ 10ರ ಮಿಶ್ರಣಕ್ಕೆ ಹೊಂದಿಸಿದ ಕಾರುಗಳಲ್ಲಿ ಮೈಲೇಜು ಶೇ 6ರಿಂದ 7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು.

ತಿಕೋಟಾದಿಂದ ನಗರಕ್ಕೆ ಸುಮಾರು 20 ಕಿ.ಮೀ. ಹೋಗಿಬರಲು 40, ತಿಂಗಳಿಗೆ 25 ದಿನವೆಂದರೆ ಸಾವಿರ, ವರ್ಷಕ್ಕೆ 12,000 ಕಿ.ಮೀ. ಲೀಟರಿಗೆ 18 ಕಿ.ಮೀ. ಓಡುವ ಕಾರಿಗೆ ಈ ಇಳಿತದಿಂದ ವರ್ಷಕ್ಕೆ 40ರಿಂದ 50 ಲೀಟರು ಹೆಚ್ಚು ಬೇಕಾಗುತ್ತದೆ. ದೊಡ್ಡ ನಷ್ಟವೇನಲ್ಲ, ಆದರೆ ಚೌಕಾಸಿ ಮಾಡುವಾಗ ನೆನಪಿನಲ್ಲಿರಬೇಕು.

ಕಾಗದದ ವಯಸ್ಸು

ಖಾಸಗಿ ಕಾರಿನ ನೋಂದಣಿಯ ಆಯುಷ್ಯ 15 ವರ್ಷ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 600 ರೂಪಾಯಿ ಇದ್ದ ಈ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. 20 ವರ್ಷ ದಾಟಿದ ಕಾರುಗಳಿಗೆ 2025ರಲ್ಲಿ 10,000ಕ್ಕೆ ಏರಿತು. 2011ರ ಕಾರು ಅಗ್ಗವಾಗಿ ಸಿಕ್ಕರೂ ಈ ಖರ್ಚನ್ನು ಬೆಲೆಗೆ ಸೇರಿಸಿಯೇ ನೋಡಬೇಕು.

ಕೆಎ-28 ಫಲಕದ ಗಾಡಿಗೂ ಸೊಲ್ಲಾಪುರದ ಎಂಎಚ್-13 ಗಾಡಿಗೂ ಬೆಲೆಯಲ್ಲಿ ವ್ಯತ್ಯಾಸ ಕಂಡರೆ ಅದಕ್ಕೂ ಕಾರಣವಿದೆ. ಹೊರರಾಜ್ಯದ ಕಾರನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಳ್ಳುವುದಾದರೆ ಅಲ್ಲಿಯ ನಿರಾಕ್ಷೇಪಣಾ ಪತ್ರ ತಂದು, ಇಲ್ಲಿಯ ತೆರಿಗೆ ಕಟ್ಟಿ, ಹೊಸ ನಂಬರು ಪಡೆಯಬೇಕು. ಸಾಲದ ಕಾರಾದರೆ ಬ್ಯಾಂಕಿನ ಹೆಸರು ತೆಗೆಸಿರಬೇಕು. ಮಾರಿದವರಿಗೂ ಒಂದು ಎಚ್ಚರಿಕೆ: ನೋಂದಣಿ ಯಾರ ಹೆಸರಿನಲ್ಲಿದೆಯೋ ಅಪಘಾತದ ಪರಿಹಾರದ ಹೊಣೆ ಅವರದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಹಣ ಎಣಿಸಿಕೊಂಡ ಮಾತ್ರಕ್ಕೆ ವ್ಯಾಪಾರ ಮುಗಿಯುವುದಿಲ್ಲ.

ಹಾಗಾದರೆ ಯಾವುದು?

ವಿಮೆಯ ಲೆಕ್ಕದಲ್ಲಿ ಕಾರಿನ ಮೌಲ್ಯ ಮೊದಲ ವರ್ಷದ ಕೊನೆಗೆ ಶೇ 15, ಮೂರನೆಯ ವರ್ಷದಲ್ಲಿ ಶೇ 30, ಐದನೆಯ ವರ್ಷದಲ್ಲಿ ಶೇ 50 ತಗ್ಗುತ್ತದೆ. ಇನ್ನೊಂದೆಡೆ 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದು ಹೊಸ ಕಾರೇ ಅಗ್ಗವಾಯಿತು. ಆದ್ದರಿಂದ ಒಂದೆರಡು ವರ್ಷದ ಹಳೆಯ ಗಾಡಿಗೆ ಹಿಂದಿನ ಬೆಲೆ ಕೇಳುವವರನ್ನು ನಂಬಬೇಕಿಲ್ಲ. ದಿನದ ಓಡಾಟಕ್ಕೆ, ಇರುವ ಹಣಕ್ಕೆ, ಒಳಗೆ ಕೂಡುವವರ ಜೀವಕ್ಕೆ ಮೂರಕ್ಕೂ ಹೊಂದುವುದು 2020ರಿಂದ 2022ರ ನಡುವಿನ ಬಿ.ಎಸ್.-6 ಕಾರು ಎನ್ನಬಹುದು. ಹಣ ಸಾಲದಿದ್ದರೆ 2019ರ ಜುಲೈ ನಂತರ ತಯಾರಾದದ್ದು. ಅದಕ್ಕಿಂತ ಹಿಂದಕ್ಕೆ ಹೋಗುವುದಾದರೆ ಏರ್‌ಬ್ಯಾಗ್ ಇದ್ದ ಮೇಲ್ದರ್ಜೆಯ ಮಾದರಿಯನ್ನೇ ಕೇಳಬೇಕು. ಬಣ್ಣ, ಸ್ಟೀರಿಯೊ ಆಮೇಲೆ.

ಇಷ್ಟಾದರೂ ಇಸವಿಯೊಂದೇ ಸಾಲದು. ದನಗಳ ಜಾತ್ರೆಯಲ್ಲಿ ಹಲ್ಲು ಎಣಿಸಿದ ರೈತ ಅಲ್ಲಿಗೇ ಬಿಡುವುದಿಲ್ಲ. ಎತ್ತನ್ನು ನಾಲ್ಕು ಹೆಜ್ಜೆ ನಡೆಸುತ್ತಾನೆ, ಹೆಗಲು ತಡವುತ್ತಾನೆ. ಕಾರನ್ನೂ ಹಾಗೆಯೇ ಮುಂಜಾನೆ, ಎಂಜಿನ್ ತಣ್ಣಗಿರುವಾಗ, ನಂಬಿಕೆಯ ಮೆಕ್ಯಾನಿಕ್‌ನೊಂದಿಗೆ ಹೋಗಿ ನೋಡಬೇಕು. ಆರು ವರ್ಷದ ಕಾರಿನ ಮೀಟರು 20,000 ಕಿ.ಮೀ. ಮಾತ್ರ ತೋರಿಸಿದರೆ ಸರ್ವಿಸ್ ಪುಸ್ತಕ ಕೇಳಬೇಕು. ಹಲ್ಲು ಎಣಿಸಲು ಬಲ್ಲ ಹಿರಿಯರನ್ನು ಜಾತ್ರೆಗೆ ಕರೆದೊಯ್ಯುವ ಪದ್ಧತಿ ಈ ನಾಡಿನಲ್ಲಿ ಹಿಂದಿನಿಂದಲೂ ಇದೆ. ಕಾರು ಕೊಳ್ಳುವಾಗ ಆ ಪದ್ಧತಿಯನ್ನು ಬಿಡಲು ಕಾರಣವೇನೂ ಇಲ್ಲ.