ರಿವರ್ಸ್ ಲೈಟಿಗೆ ಎಲ್‌ಇಡಿ: ಬಲ್ಬು ಬದಲಿಸುವ ಮುನ್ನ ತಿಳಿಯಬೇಕಾದ್ದು

ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲೋ ಮಲೆನಾಡಿನ ಮನೆಯ ಅಂಗಳದಲ್ಲೋ ರಾತ್ರಿ ಹೊತ್ತು ಕಾರನ್ನು ಹಿಂದಕ್ಕೆ ತೆಗೆಯುವವರಿಗೆ ಇದು ಗೊತ್ತಿರುವ ವಿಷಯ: ಕಂಪನಿ ಕೊಟ್ಟ ರಿವರ್ಸ್ ಲೈಟು ಉರಿಯುತ್ತದೆ, ಆದರೆ ದಾರಿ ಕಾಣಿಸುವುದಿಲ್ಲ. ಮಳೆಗಾಲದಲ್ಲಂತೂ ಹಿಂದಿನ ಗಾಜಿನ ತುಂಬ ನೀರಹನಿ. ಒದ್ದೆ ಡಾಂಬರಿನ ಮೇಲೆ ಬಿದ್ದ ಬೆಳಕು ಆಚೆಗೇ ಜಾರಿಹೋಗುತ್ತದೆ. ಎಲ್‌ಇಡಿ ಬಲ್ಬು ಹಾಕಿಸೋಣ ಎನ್ನುವ ಯೋಚನೆ ಬರುವುದು ಆಗಲೇ.

ಕಾರಿನ ಬಲ್ಬುಗಳಲ್ಲಿ ಮನೆಯಲ್ಲೇ ಬದಲಿಸಲು ಅತಿ ಸುಲಭವಾದುದೂ ಇದೇ. ರಿವರ್ಸ್ ಲೈಟು ಒಮ್ಮೆಗೆ ಒಂದೆರಡು ನಿಮಿಷ ಉರಿದರೆ ಹೆಚ್ಚು, ಆದ್ದರಿಂದ ಬಿಸಿಯ ಸಮಸ್ಯೆ ಕಡಿಮೆ. ಇಂಡಿಕೇಟರಿಗೆ ಎಲ್‌ಇಡಿ ಹಾಕಿದಾಗ ಅದು ಪಟಪಟನೆ ಮಿಟುಕುವ ಕಾಟ ಇಲ್ಲಿಲ್ಲ. ಎದುರು ಬರುವವರ ಕಣ್ಣಿಗೆ ಕುಕ್ಕುವ ಹೆಡ್‌ಲೈಟಿನ ಅಪಾಯವೂ ಇಲ್ಲ. ಹಾಗಿದ್ದರೂ ಪೊಟ್ಟಣದ ಮೇಲೆ ದೊಡ್ಡ ಅಂಕಿ ನೋಡಿ ಕೊಂಡ ಬಲ್ಬು ಹಳೆಯದಕ್ಕಿಂತ ಮಂಕಾಗಿ ಕಾಣುವುದುಂಟು. ಏಕೆಂದರೆ ಬೆಳಕು ಎಷ್ಟಿದೆ ಎನ್ನುವಷ್ಟೇ, ಅದು ಎಲ್ಲಿಂದ ಹೊರಟು ಯಾವ ಕಡೆ ಬೀಳುತ್ತದೆ ಎನ್ನುವುದೂ ಮುಖ್ಯ.

ಲೈಟು ಹೊತ್ತುವ ಬಗೆ

ಮ್ಯಾನುಯಲ್ ಗೇರಿನ ಕಾರಿನಲ್ಲಿ ಗೇರ್‌ಬಾಕ್ಸಿನ ಮೈಗೆ ತಿರುಪಿ ಕೂರಿಸಿದ ಒಂದು ಸಣ್ಣ ಸ್ವಿಚ್ ಇರುತ್ತದೆ. ರಿವರ್ಸ್ ಗೇರ್ ಬಿದ್ದಾಗ ಒಳಗಿನ ಭಾಗ ಅದನ್ನು ಒತ್ತುತ್ತದೆ, ಇಗ್ನಿಷನ್‌ನಿಂದ ಬಂದ ಕರೆಂಟು ಹಿಂದಿನ ಬಲ್ಬಿಗೆ ಹರಿಯುತ್ತದೆ. ಆಟೊಮ್ಯಾಟಿಕ್ ಗಾಡಿಯಲ್ಲಿ ಲಿವರ್ ಯಾವ ಸ್ಥಾನದಲ್ಲಿದೆ ಎಂದು ಹೇಳುವ ಸೆನ್ಸರ್ ಈ ಕೆಲಸ ಮಾಡುತ್ತದೆ. ಹೊಸ ಕಾರುಗಳಲ್ಲಿ ನಡುವೆ ಒಂದು ಕಂಟ್ರೋಲ್ ಮಾಡ್ಯೂಲ್ ಕುಳಿತು ಬಲ್ಬಿಗೆ ಕರೆಂಟು ಬಿಡುವುದನ್ನು ತಾನೇ ನಿರ್ಧರಿಸುತ್ತದೆ.

ಕೆಲವು ಕಾರುಗಳಲ್ಲಿ ಒಂದೇ ಬದಿಗೆ ರಿವರ್ಸ್ ಲೈಟು ಇರುವುದನ್ನು ನೋಡಿ, ಇನ್ನೊಂದು ಕೆಟ್ಟಿದೆ ಎಂದುಕೊಳ್ಳಬೇಡಿ. ವಿಶ್ವಸಂಸ್ಥೆಯ 48ನೇ ವಾಹನ ನಿಯಮದ ಪ್ರಕಾರ 6 ಮೀಟರ್ ಉದ್ದದವರೆಗಿನ ಕಾರಿಗೆ ಒಂದು ರಿವರ್ಸ್ ಲೈಟು ಕಡ್ಡಾಯ, ಎರಡನೆಯದು ಐಚ್ಛಿಕ. ಇನ್ನೊಂದು ಬದಿಯ ಜಾಗವನ್ನು ಹಿಂದಿನ ಫಾಗ್ ಲ್ಯಾಂಪಿಗೆ ಬಿಡುವ ಕಂಪನಿಗಳಿವೆ.

ಮೊದಲು ಹಳೆಯದನ್ನೇ ಪರೀಕ್ಷಿಸಿ

ಫಿಲಮೆಂಟ್ ಬಲ್ಬಿಗೆ ಒಂದು ವಿಚಿತ್ರ ಗುಣವಿದೆ. ವೋಲ್ಟೇಜ್ ಶೇ 10ರಷ್ಟು ಕಡಿಮೆಯಾದರೆ ಅದರ ಬೆಳಕು ಸುಮಾರು ಶೇ 30ರಷ್ಟು ಇಳಿಯುತ್ತದೆ. ಹೋಲ್ಡರಿನಲ್ಲಿ ಹಸಿರು ಕಿಲುಬು ಹಿಡಿದಿದ್ದರೆ, ಅರ್ಥ್ ಸಡಿಲವಾಗಿದ್ದರೆ ಆ ಶೇ 10 ಅಲ್ಲೇ ಕಳೆದುಹೋಗುತ್ತದೆ. ಹತ್ತು ಮಳೆಗಾಲ ಕಂಡ ಕಾರಾದರೆ ಮೊದಲು ಹೋಲ್ಡರ್ ಬಿಚ್ಚಿ, ನಯವಾದ ಉಪ್ಪುಕಾಗದದಿಂದ ಸಂಪರ್ಕಗಳನ್ನು ಉಜ್ಜಿ, ಹಳದಿಗಟ್ಟಿದ ಲೆನ್ಸ್ ತೊಳೆದು ನೋಡಿ. ಎಷ್ಟೋ ಸಲ ಕೆಲಸ ಅಲ್ಲಿಗೇ ಮುಗಿಯುತ್ತದೆ. ಮುಗಿಯದಿದ್ದರೂ ಹೊಸ ಬಲ್ಬಿಗೆ ಈ ಶುಚಿ ಬೇಕೇ ಬೇಕು.

ಯಾವ ಬಲ್ಬು, ಯಾವ ತಳ

ನಿಮ್ಮ ಕಾರಿನದು ಯಾವ ಬಲ್ಬು ಎಂಬುದು ಮಾಲೀಕರ ಕೈಪಿಡಿಯ ಕೊನೆಯ ಕೋಷ್ಟಕದಲ್ಲಿರುತ್ತದೆ. ಬಲ್ಬಿನ ತಳದ ಮೇಲೂ ಬರೆದಿರುತ್ತದೆ. ಸಾಮಾನ್ಯವಾಗಿ ಸಿಗುವುದು ಮೂರು ಜಾತಿ. ಪಿ21ಡಬ್ಲ್ಯೂ ಎಂದರೆ ಲೋಹದ ತಳ, ಎರಡು ಬದಿಗೆ ಪಿನ್ನು, ಒತ್ತಿ ತಿರುಗಿಸುವಂಥದ್ದು; ಅಂಗಡಿಯವರು ಇದನ್ನು 1156 ಎಂದೂ ಕರೆಯುತ್ತಾರೆ. ಡಬ್ಲ್ಯೂ16ಡಬ್ಲ್ಯೂ ಎಂದರೆ ಲೋಹವಿಲ್ಲದ ಚಪ್ಪಟೆ ಗಾಜಿನ ತಳ, ನೇರ ಎಳೆದರೆ ಬರುವಂಥದ್ದು. ಇದರ ಅಂಗಡಿ ಹೆಸರು ಟಿ15. ಡಬ್ಲ್ಯೂ21ಡಬ್ಲ್ಯೂ ಎಂಬುದೂ ಚಪ್ಪಟೆ ತಳದ್ದೇ, ಆದರೆ ಅಗಲ ಹೆಚ್ಚು, ಇದು 7440. ಟೈಲ್ ಲ್ಯಾಂಪಿನಲ್ಲಿರುವ ಎರಡು ಫಿಲಮೆಂಟಿನ ಪಿ21/5ಡಬ್ಲ್ಯೂ ಬೇರೆಯೇ, ಅದನ್ನು ಇಲ್ಲಿ ಕೊಳ್ಳಬೇಡಿ. ಟೈಲ್ ಲ್ಯಾಂಪ್ ಪೂರ್ತಿ ಎಲ್‌ಇಡಿಯಾಗಿರುವ ಕೆಲವು ಕಾರುಗಳಲ್ಲಿ ರಿವರ್ಸ್ ಲೈಟೂ ಒಳಗೇ ಬೆಸೆದುಕೊಂಡಿರುತ್ತದೆ. ಅಲ್ಲಿ ಬದಲಿಸಲು ಬಲ್ಬೇ ಇಲ್ಲ.

ಫಿಲಮೆಂಟ್ ಇದ್ದಲ್ಲೇ ಎಲ್‌ಇಡಿ

ಪಿ21ಡಬ್ಲ್ಯೂ ಬಲ್ಬಿನಲ್ಲಿ ಫಿಲಮೆಂಟ್ ಇರುವುದು ಪಿನ್ನುಗಳ ಮಟ್ಟದಿಂದ ಸುಮಾರು 32 ಮಿಲಿಮೀಟರ್ ಮೇಲೆ. ಬಲ್ಬಿನ ಹಿಂದಿರುವ ಹೊಳಪಿನ ಬಟ್ಟಲನ್ನು, ಅಂದರೆ ರಿಫ್ಲೆಕ್ಟರನ್ನು, ಆ ಬಿಂದುವಿಗೆ ಸರಿಯಾಗಿ ಬಾಗಿಸಿರುತ್ತಾರೆ. ಫಿಲಮೆಂಟ್ ಸುತ್ತಲೂ ಬೆಳಕು ಚೆಲ್ಲುತ್ತದೆ, ರಿಫ್ಲೆಕ್ಟರ್ ಅದನ್ನು ಒಟ್ಟುಮಾಡಿ ನೆಲದ ಕಡೆಗೂ ಅಕ್ಕಪಕ್ಕಕ್ಕೂ ಹಂಚುತ್ತದೆ.

ಎಲ್‌ಇಡಿ ಚಿಪ್ ಹಾಗಲ್ಲ; ಅದು ಮುಖ ಮಾಡಿದ ದಿಕ್ಕಿಗೆ ಮಾತ್ರ ಬೆಳಕು ಬಿಡುತ್ತದೆ. ಚಿಪ್ಪುಗಳೆಲ್ಲ ತುದಿಯಲ್ಲೇ ಇರುವ ಬಲ್ಬು ಹಾಕಿದರೆ ಬೆಳಕು ನೇರ ಲೆನ್ಸಿನಿಂದ ಹೊರಬೀಳುತ್ತದೆ, ರಿಫ್ಲೆಕ್ಟರಿಗೆ ಕೆಲಸವೇ ಇರುವುದಿಲ್ಲ. ಹಿಂದೆ ನಿಂತು ನೋಡಿದವರಿಗೆ ಕಣ್ಣು ಕೋರೈಸುವ ಚುಕ್ಕೆ, ಚಾಲಕನಿಗೆ ಮಾತ್ರ ಅದೇ ಕತ್ತಲೆ. ಆದ್ದರಿಂದ ಬಲ್ಬಿನ ಸುತ್ತ ಎಲ್ಲ ಬದಿಗೂ ಚಿಪ್ಪುಗಳಿರಬೇಕು. ಅವು ಹಳೆಯ ಫಿಲಮೆಂಟಿನ ಎತ್ತರದಲ್ಲೇ ಕೂತಿರಬೇಕು. ಅಂಗಡಿಗೆ ಹಳೆಯ ಬಲ್ಬನ್ನು ಒಯ್ದು ಪಕ್ಕದಲ್ಲಿಟ್ಟು ನೋಡಿದರೆ ಅರ್ಧ ನಿಮಿಷದ ಕೆಲಸ. ಉದ್ದವೂ ಗಮನದಲ್ಲಿರಲಿ: ಉದ್ದ ಜಾಸ್ತಿಯಾದರೆ ಲೆನ್ಸಿಗೆ ತಾಗುತ್ತದೆ.

ಪೊಟ್ಟಣದ ಅಂಕಿಯನ್ನು ಅಳೆಯುವುದು

ಮೂಲ ಪಿ21ಡಬ್ಲ್ಯೂ ಬಲ್ಬು 13.5 ವೋಲ್ಟಿನಲ್ಲಿ ಸುಮಾರು 460 ಲ್ಯೂಮೆನ್ ಬೆಳಕು ಕೊಡುತ್ತದೆ, ಡಬ್ಲ್ಯೂ16ಡಬ್ಲ್ಯೂ 310. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲೋ ಆನ್‌ಲೈನಿನಲ್ಲೋ ನೋಡಿದರೆ ಹೆಬ್ಬೆರಳ ಗಾತ್ರದ ಬಲ್ಬಿನ ಮೇಲೆ 3000 ಲ್ಯೂಮೆನ್ ಎಂದು ಬರೆದಿರಬಹುದು. ಅದನ್ನು ನಂಬುವ ಮೊದಲು ಎಷ್ಟು ಆಂಪಿಯರ್ ಎಂದು ಕೇಳಿ. 0.4 ಆಂಪಿಯರ್ ಎಂದರೆ 13 ವೋಲ್ಟಿಗೆ ಸುಮಾರು 5 ವ್ಯಾಟ್. ಇಂಥ ಬಲ್ಬುಗಳಲ್ಲಿ ವ್ಯಾಟಿಗೆ 100 ಲ್ಯೂಮೆನ್ ಎಂದು ಹಿಡಿದರೂ ಸಿಗುವುದು 500. ಉಳಿದ 2500 ಪೊಟ್ಟಣದ ಮೇಲಷ್ಟೇ ಇದೆ.

ಅದರಲ್ಲಿ ನಿರಾಶೆ ಪಡುವಂಥದ್ದೇನಿಲ್ಲ. ಸರಿಯಾದ ಜಾಗದಿಂದ ಹೊರಟ 500ರಿಂದ 800 ಲ್ಯೂಮೆನ್ ಬಿಳಿ ಬೆಳಕು ರಿವರ್ಸಿಗೆ ಧಾರಾಳ. ಬಣ್ಣದ ವಿಷಯದಲ್ಲಿ 5000 ಕೆಲ್ವಿನ್ ಆಸುಪಾಸು ಇರಲಿ; ಕೆಲ್ವಿನ್ ಅಂಕಿ ಇನ್ನೂ ಹೆಚ್ಚಾದಂತೆ ಬೆಳಕು ನೀಲಿಗೆ ತಿರುಗುತ್ತದೆ, ಕಣ್ಣಿಗೆ ಹಿತವಿಲ್ಲ. ಬಲ್ಬಿಗೆ ಅಲ್ಯೂಮಿನಿಯಂ ಮೈ ಇರಬೇಕು, ಏಕೆಂದರೆ ಚಿಪ್ಪಿನ ಬಿಸಿ ಹೊರಹೋಗಬೇಕಾದ್ದು ಅದರ ಮೂಲಕವೇ. ಕರೆಂಟು ಉಳಿಯುತ್ತದೆ ಎನ್ನುವ ಮಾತಿಗೆ ಇಲ್ಲಿ ಅರ್ಥವಿಲ್ಲ. ದಿನಕ್ಕೆ ಎರಡು ನಿಮಿಷ ಉರಿಯುವ ದೀಪದಿಂದ ಪೆಟ್ರೋಲ್ ಉಳಿಯುವುದಿಲ್ಲ.

ಹಾಕುವ ಕ್ರಮ

ಇಗ್ನಿಷನ್ ಆಫ್ ಮಾಡಿ, ಕಾರು ಸಮತಟ್ಟಾದ ಜಾಗದಲ್ಲಿರಲಿ, ಚಕ್ರಕ್ಕೆ ಕಲ್ಲು ಕೊಡಿ.

1. ಡಿಕ್ಕಿ ತೆರೆದು ಟೈಲ್ ಲ್ಯಾಂಪಿನ ಹಿಂದಿನ ಮುಚ್ಚಳ ತೆಗೆಯಿರಿ. ಮುಚ್ಚಳವಿಲ್ಲದ ಕಾರಿನಲ್ಲಿ ಸ್ಕ್ರೂ ಅಥವಾ ನಟ್ಟು ಬಿಚ್ಚಿ ಲ್ಯಾಂಪನ್ನೇ ಹಿಂದಕ್ಕೆ ನೇರ ಎಳೆಯಬೇಕಾಗುತ್ತದೆ. ಓರೆ ಎಳೆದರೆ ಪ್ಲಾಸ್ಟಿಕ್ ಗೂಟ ಮುರಿಯುತ್ತದೆ.
2. ಹೋಲ್ಡರನ್ನು ಎಡಕ್ಕೆ ಕಾಲು ಸುತ್ತು ತಿರುಗಿಸಿ ಹೊರತೆಗೆಯಿರಿ. ಆಗಷ್ಟೇ ಉರಿದಿದ್ದರೆ ಬಲ್ಬು ಬಿಸಿ ಇರುತ್ತದೆ, ಆರಲು ಬಿಡಿ.
3. ಹಳೆಯ ಬಲ್ಬು ತೆಗೆದು, ಸಂಪರ್ಕ ಶುಚಿ ಮಾಡಿ, ಎಲ್‌ಇಡಿ ಕೂರಿಸಿ.
4. ಎಲ್ಲ ಮುಚ್ಚುವ ಮೊದಲೇ ಪರೀಕ್ಷಿಸಿ. ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು ರಿವರ್ಸ್ ಗೇರ್ ಹಾಕಿ. ಆಟೊಮ್ಯಾಟಿಕ್ ಆದರೆ ಬ್ರೇಕ್ ಒತ್ತಿಯೇ ಇರಬೇಕು. ನೋಡುವವರು ಕಾರಿನ ನೇರ ಹಿಂದೆ ನಿಲ್ಲದೆ ಪಕ್ಕಕ್ಕೆ ನಿಲ್ಲಲಿ.
5. ಐದು ನಿಮಿಷ ಉರಿಯಲು ಬಿಡಿ. ಬೆಳಕು ಕಣ್ಣಿಗೆ ಕಾಣುವಷ್ಟು ಕುಗ್ಗಿದರೆ ಬಲ್ಬಿನ ಬಿಸಿ ಹೊರಹೋಗುತ್ತಿಲ್ಲ ಎಂದರ್ಥ, ಬದಲಿಸಿಕೊಳ್ಳಿ.
6. ರಬ್ಬರ್ ಗ್ಯಾಸ್ಕೆಟ್ ಸರಿಯಾಗಿ ಕೂತಿದೆಯೇ ನೋಡಿ ಮುಚ್ಚಿ. ಇಲ್ಲವಾದರೆ ಮುಂದಿನ ಮಳೆಗೆ ಲ್ಯಾಂಪಿನೊಳಗೆ ನೀರು.

ತೊಡಕು ಬಂದರೆ

ಚಪ್ಪಟೆ ತಳದ ಎಲ್‌ಇಡಿ ಹೊತ್ತದಿದ್ದರೆ ಗಾಬರಿಯಾಗಬೇಡಿ. ಎಲ್‌ಇಡಿಗೆ ಪ್ಲಸ್-ಮೈನಸ್ ಲೆಕ್ಕವಿದೆ, ಬಲ್ಬನ್ನು ಕಿತ್ತು ತಿರುಗಿಸಿ ಹಾಕಿ. ಪಿನ್ನಿನ ಬಲ್ಬಿಗೆ ಈ ತಾಪತ್ರಯವಿಲ್ಲ, ಅದು ಕೂರುವುದೇ ಸರಿಯಾದ ದಿಕ್ಕಿಗೆ.

ಗೇರ್ ಹಾಕದೆಯೂ ಬಲ್ಬು ಮಂದವಾಗಿ ಮಿನುಗಿದರೆ ಅಥವಾ ಡ್ಯಾಶ್‌ಬೋರ್ಡಿನಲ್ಲಿ ಬಲ್ಬು ಹೋಗಿದೆ ಎಂಬ ಸೂಚನೆ ಬಂದರೆ, ಅದು ಕಂಟ್ರೋಲ್ ಮಾಡ್ಯೂಲಿನ ಕೆಲಸ. ಫಿಲಮೆಂಟ್ ತುಂಡಾಗಿದೆಯೇ ಎಂದು ತಿಳಿಯಲು ಅದು ಆಗಾಗ ಚಿಕ್ಕ ಚಿಕ್ಕ ಕರೆಂಟಿನ ತುಣುಕುಗಳನ್ನು ಕಳಿಸುತ್ತದೆ. ಫಿಲಮೆಂಟ್ ಕಾದು ಬೆಳಗಲು ಅದು ಸಾಲದು, ಎಲ್‌ಇಡಿ ಬೆಳಗಲು ಸಾಕು. ಯುರೋಪ್ ಮೂಲದ ಕಾರುಗಳಲ್ಲಿ ಇದು ಹೆಚ್ಚು. ಕ್ಯಾನ್‌ಬಸ್ ಎಂದು ಬರೆದಿರುವ ಬಲ್ಬು ತರುವುದು ಮೊದಲ ಉಪಾಯ. 6 ಓಮ್ ರೆಸಿಸ್ಟರ್ ಜೋಡಿಸುವುದು ಇನ್ನೊಂದು, ಆದರೆ ಅದು ಉರಿಯುವಾಗ ಸುಮಾರು 30 ವ್ಯಾಟ್ ಬಿಸಿ ಕಾರುತ್ತದೆ. ಅದನ್ನು ತಗಡಿನ ಮೈಗೆ ಬಿಗಿಯಬೇಕು. ಪ್ಲಾಸ್ಟಿಕ್ಕಿಗೋ ವೈರಿನ ಕಟ್ಟಿಗೋ ತಾಗಿಸಿದರೆ ಕರಗುವುದು ಖಂಡಿತ. ರಿವರ್ಸ್ ಹಾಕಿದಾಗ ಎಫ್‌ಎಂ ರೇಡಿಯೊ ಗೊರಗುಟ್ಟಿದರೆ ಬಲ್ಬಿನೊಳಗಿನ ಅಗ್ಗದ ಸರ್ಕ್ಯೂಟ್ ಕಾರಣ. ಬಲ್ಬು ಬದಲಿಸುವುದೊಂದೇ ದಾರಿ.

ಕಾನೂನಿನ ಗೆರೆ

1989ರ ಕೇಂದ್ರ ಮೋಟಾರು ವಾಹನ ನಿಯಮಾವಳಿಯ 108ನೇ ನಿಯಮ ವಾಹನದ ಹಿಂಭಾಗಕ್ಕೆ ಕೆಂಪಲ್ಲದ ಬೆಳಕು ತೋರಿಸುವುದನ್ನು ನಿರ್ಬಂಧಿಸುತ್ತದೆ; ರಿವರ್ಸ್ ತೆಗೆಯುವಾಗಿನ ಬಿಳಿ ಬೆಳಕು ಅದಕ್ಕಿರುವ ವಿನಾಯಿತಿಗಳಲ್ಲಿ ಒಂದು. ಆದ್ದರಿಂದ ನೀಲಿ ಅಥವಾ ಮಿನುಗುವ ಬಲ್ಬು ಬೇಡ. ಬಂಪರಿನ ಕೆಳಗೆ ಎಲ್‌ಇಡಿ ಪಟ್ಟಿ ಬಿಗಿದು ಡ್ಯಾಶ್‌ಬೋರ್ಡಿನಿಂದ ಬೇಕೆಂದಾಗ ಹೊತ್ತಿಸುವ ವ್ಯವಸ್ಥೆಯೂ ಬೇಡ. ಕಣ್ಣು ಕುಕ್ಕುವ ಎಲ್‌ಇಡಿ ಹೆಡ್‌ಲೈಟುಗಳ ಮೇಲೆ ಕರ್ನಾಟಕದ ಪೊಲೀಸರು 2024ರಲ್ಲಿ ಕಾರ್ಯಾಚರಣೆ ನಡೆಸಿದ ಮೇಲೆ ಇಂಥ ಬದಲಾವಣೆಗಳತ್ತ ಅವರ ಗಮನ ಹೆಚ್ಚಿದೆ. ವಾರಂಟಿ ಇನ್ನೂ ಇರುವ ಕಾರಾದರೆ ವೈರ್ ಕತ್ತರಿಸುವ ಯಾವ ಕೆಲಸಕ್ಕೂ ಕೈ ಹಾಕಬೇಡಿ.

ಬದಲಿಸಬೇಕೇ?

2019ರ ಜುಲೈ 1ರಿಂದ ನಮ್ಮ ದೇಶದ ಹೊಸ ಕಾರುಗಳಿಗೆ ರಿವರ್ಸ್ ಪಾರ್ಕಿಂಗ್ ಸೆನ್ಸರ್ ಕಡ್ಡಾಯ. ಸೆನ್ಸರಿಗೆ ಬೆಳಕು ಬೇಕಿಲ್ಲ, ಅದು ಶಬ್ದದ ಅಲೆಯಿಂದ ದೂರ ಅಳೆಯುತ್ತದೆ. ಆದರೆ ತೆರೆದ ಚರಂಡಿ ಅದಕ್ಕೆ ತಿಳಿಯುವುದಿಲ್ಲ, ತೆಳ್ಳಗಿನ ಸರಿಗೆ ಎಷ್ಟೋ ಸಲ ತಪ್ಪಿಹೋಗುತ್ತದೆ. ಅವು ಕಾಣುವುದು ಕಣ್ಣಿಗೆ ಮತ್ತು ಕ್ಯಾಮೆರಾಕ್ಕೆ; ಎರಡಕ್ಕೂ ಬೆಳಕು ಬೇಕು. ಬೀದಿದೀಪವಿರುವ ಊರಲ್ಲಷ್ಟೇ ಓಡಿಸುವವರಿಗೆ ಶುಚಿ ಮಾಡಿದ ಹಳೆಯ ಬಲ್ಬೇ ಸಾಕು. ಹಳ್ಳಿ, ತೋಟ, ಘಟ್ಟದ ದಾರಿಯವರು ಬದಲಿಸಿಕೊಳ್ಳಬಹುದು. ಹಾಗೆ ಬದಲಿಸಿದ ಮೇಲೆ ಹಳೆಯ ಬಲ್ಬನ್ನು ಕಾಗದದಲ್ಲಿ ಸುತ್ತಿ ಗ್ಲೋವ್ ಬಾಕ್ಸಿನಲ್ಲಿಡಿ. ಎಲ್‌ಇಡಿ ಕೈಕೊಟ್ಟ ರಾತ್ರಿ ಅದೇ ಹೋಲ್ಡರಿಗೆ ಅದು ತಕರಾರಿಲ್ಲದೆ ಕೂರುತ್ತದೆ.